ಕೋಟಿ ಬೆಲೆಯ ಕೈಗಡಿಯಾರ: ಬೆಲೆ ಹುಟ್ಟುವುದು ಎಲ್ಲಿ?

ಪೇಟೆಯ ಬೀದಿಬದಿಯಲ್ಲಿ ಐನೂರು ರೂಪಾಯಿಗೆ ದೊರೆಯುವ ಕ್ವಾರ್ಟ್ಸ್ ಕೈಗಡಿಯಾರವು ಸಾಮಾನ್ಯವಾಗಿ ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡುಗಳಿಗಿಂತ ಹೆಚ್ಚು ತಪ್ಪುವುದಿಲ್ಲ. ಐವತ್ತು ಲಕ್ಷ ರೂಪಾಯಿ ತೆತ್ತು ಕೊಂಡ ಸ್ವಿಸ್ ಯಾಂತ್ರಿಕ ಗಡಿಯಾರವಾದರೋ, ಆ ದೇಶದ ಅಧಿಕೃತ ಕ್ರೋನೋಮೀಟರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರೂ ಸಹ, ದಿನವೊಂದಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಹೋಗಬಹುದು. ಕಾಲವನ್ನು ತೋರಿಸುವುದೇ ಗಡಿಯಾರದ ಕೆಲಸವೆಂದು ಒಪ್ಪುವುದಾದರೆ, ಸಾವಿರಾರು ಪಟ್ಟು ಹೆಚ್ಚು ಬೆಲೆಯ ಸರಕು ಆ ಕೆಲಸವನ್ನು ಅಗ್ಗದ ಸರಕಿಗಿಂತ ಕೆಟ್ಟದಾಗಿ ಮಾಡುತ್ತದೆ. ಆದರೂ ಅದನ್ನು ಕೊಳ್ಳಲು ಜನರು ವರ್ಷಗಟ್ಟಲೆ ಕಾಯುತ್ತಾರೆ. ಅಗ್ಗದ ಆಮದಿನ ಎದುರು ದಿನನಿತ್ಯ ಹೆಣಗುತ್ತಿರುವ ನಮ್ಮ ಸಣ್ಣ ಉದ್ಯಮಿಗಳಿಗೆ ಈ ಒಗಟು ಕೇವಲ ಕುತೂಹಲದ ವಿಷಯವಾಗಿರಲಾರದು.

1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಸಂಸ್ಥೆಯು ಟೋಕಿಯೋದಲ್ಲಿ ಆಸ್ಟ್ರಾನ್ ಎಂಬ ಪ್ರಪಂಚದ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಅಂದು ಅದರ ಬೆಲೆ 4,50,000 ಯೆನ್, ಎಂದರೆ ಒಂದು ಸಣ್ಣ ಕಾರಿನ ಬೆಲೆ. ಕೆಲವೇ ವರ್ಷಗಳಲ್ಲಿ ಆ ತಂತ್ರಜ್ಞಾನ ಅಗ್ಗವಾಯಿತು. ಶತಮಾನಗಳಿಂದ ಗಡಿಯಾರವನ್ನೇ ನಂಬಿದ್ದ ಸ್ವಿಸ್ ಕಣಿವೆಗಳು ಬಡವಾದವು. 1970ರ ಸುಮಾರಿಗೆ ಆ ಉದ್ಯಮದಲ್ಲಿದ್ದ 90,000 ಕೆಲಸಗಾರರ ಸಂಖ್ಯೆ 1980ರ ದಶಕದ ಮಧ್ಯದ ವೇಳೆಗೆ ಸುಮಾರು 30,000ಕ್ಕೆ ಇಳಿದಿತ್ತು. ಯಂತ್ರಗಳನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಿದ ಕಾಲವದು.

ಆ ಕಾಲದ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಲೆ ಲೋಕ್ಲ್ ಎಂಬ ಪಟ್ಟಣದ ಜೆನಿತ್ ಕಾರ್ಖಾನೆಯು 1969ರಲ್ಲಿ ಎಲ್ ಪ್ರಿಮೆರೋ ಎಂಬ ಸ್ವಯಂಚಾಲಿತ ಕ್ರೋನೋಗ್ರಾಫ್ ಯಂತ್ರವನ್ನು ಸಿದ್ಧಪಡಿಸಿತ್ತು. ಗಂಟೆಗೆ 36,000 ಬಾರಿ ಮಿಡಿಯುವ ಆ ಯಂತ್ರ ಇಂದಿಗೂ ತಜ್ಞರ ಮೆಚ್ಚುಗೆಗೆ ಪಾತ್ರವಾಗಿದೆ. ಅಷ್ಟರಲ್ಲಿ ಕಾರ್ಖಾನೆಯ ಒಡೆತನ ಅಮೆರಿಕದ ಜೆನಿತ್ ರೇಡಿಯೋ ಸಂಸ್ಥೆಯ ಪಾಲಾಗಿತ್ತು. ಮುಂದಿನ ಯುಗ ಕ್ವಾರ್ಟ್ಸಿನದೇ ಎಂದು ನಂಬಿದ್ದ ಆ ಆಡಳಿತವು 1975ರಲ್ಲಿ ಯಾಂತ್ರಿಕ ಗಡಿಯಾರದ ಉತ್ಪಾದನೆಯನ್ನು ನಿಲ್ಲಿಸಿ, ಸಾಧನಗಳನ್ನು ವಿಲೇವಾರಿ ಮಾಡಲು ಆಜ್ಞಾಪಿಸಿತು. ಷಾರ್ಲ್ ವೆರ್ಮೋ ಎಂಬ ಮೇಸ್ತ್ರಿ ಬೇಡವೆಂದು ಪತ್ರ ಬರೆದರು, ಫಲ ದೊರೆಯಲಿಲ್ಲ. ಆಗ ಅವರು ಯಾರಿಗೂ ತಿಳಿಯದಂತೆ ಅಚ್ಚುಗಳು, ಕ್ಯಾಮ್‌ಗಳು, ಕತ್ತರಿಸುವ ಸಾಧನಗಳು ಮತ್ತು ನಕ್ಷೆಗಳನ್ನು ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟರು. ಯಾವ ಸಾಧನ ಯಾವ ಕೆಲಸಕ್ಕೆ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರು. ಈ ಕೊನೆಯ ಕೆಲಸವೇ ಮುಖ್ಯವೆಂದು ನನ್ನ ಅಭಿಪ್ರಾಯ. ಬರಹವಿಲ್ಲದ ಅಚ್ಚು ಬರಿಯ ಕಬ್ಬಿಣ ಎಂಬುದು ಕಾರ್ಖಾನೆ ನಡೆಸಿದವರಿಗೆಲ್ಲ ಗೊತ್ತು. 1980ರ ದಶಕದಲ್ಲಿ ಯಾಂತ್ರಿಕ ಗಡಿಯಾರಕ್ಕೆ ಮತ್ತೆ ಬೇಡಿಕೆ ಹುಟ್ಟಿದಾಗ ಅಟ್ಟದಿಂದ ಇಳಿದ ಆ ಸಾಧನಗಳಿಂದಲೇ ಉತ್ಪಾದನೆ ಪುನರಾರಂಭವಾಯಿತು. 1988ರಿಂದ 2000ದವರೆಗೆ ರೋಲೆಕ್ಸ್ ಸಂಸ್ಥೆಯು ತನ್ನ ಸುಪ್ರಸಿದ್ಧ ಡೇಟೋನಾ ಮಾದರಿಗೆ ಈ ಯಂತ್ರವನ್ನೇ ಮಾರ್ಪಡಿಸಿ ಬಳಸಿತು.

ಉಳಿದವರು ಬೇರೆ ದಾರಿ ಹಿಡಿದರು. ಒಮೆಗಾದಲ್ಲಿ ದುಡಿದಿದ್ದ ಜಾನ್ ಕ್ಲೋಡ್ ಬಿವೆರ್ ಅವರು ಪಾಲುದಾರರೊಡನೆ 1982ರಲ್ಲಿ ಕಾರ್ಯವನ್ನೇ ನಿಲ್ಲಿಸಿದ್ದ ಬ್ಲಾಂಪೇನ್ ಎಂಬ ಹಳೆಯ ಹೆಸರನ್ನು ಸುಮಾರು 22,000 ಫ್ರಾಂಕ್‌ಗಳಿಗೆ ಕೊಂಡರು. ನಮ್ಮ ಮನೆಯಲ್ಲಿ ಕ್ವಾರ್ಟ್ಸ್ ಗಡಿಯಾರ ಹಿಂದೆಯೂ ಇರಲಿಲ್ಲ, ಮುಂದೆಯೂ ಇರದು ಎಂಬುದನ್ನೇ ಜಾಹೀರಾತಾಗಿಸಿದರು. ಎಲ್ಲರೂ ದೋಷವೆಂದು ಮುಚ್ಚಿಡುತ್ತಿದ್ದುದನ್ನು ಗುಣವೆಂದು ಸಾರಿದ ಧೈರ್ಯ ಅದು. ಹತ್ತು ವರ್ಷಗಳ ನಂತರ, 1992ರಲ್ಲಿ, ಆ ಸಂಸ್ಥೆ ಸುಮಾರು 6 ಕೋಟಿ ಫ್ರಾಂಕ್‌ಗಳಿಗೆ ಮಾರಾಟವಾಯಿತು. ಅದಕ್ಕೂ ಮೊದಲೇ, 1972ರಲ್ಲಿ, ಓಡೆಮಾರ್ ಪಿಗೆ ಸಂಸ್ಥೆಯು ಜೆರಾಲ್ಡ್ ಜೆಂಟಾ ವಿನ್ಯಾಸಗೊಳಿಸಿದ ರಾಯಲ್ ಓಕ್ ಎಂಬ ಉಕ್ಕಿನ ಗಡಿಯಾರಕ್ಕೆ ಅನೇಕ ಚಿನ್ನದ ಗಡಿಯಾರಗಳಿಗಿಂತ ಹೆಚ್ಚಿನ ಬೆಲೆ ಕಟ್ಟಿ ಜನರನ್ನು ಬೆರಗಾಗಿಸಿತ್ತು. ಲೋಹದ ತೂಕಕ್ಕೂ ಗಡಿಯಾರದ ಬೆಲೆಗೂ ಇದ್ದ ಸಂಬಂಧ ಅಲ್ಲಿಗೆ ಕಡಿದುಹೋಯಿತು.

ಹಾಗಾದರೆ ಗ್ರಾಹಕನು ತೆರುವ ಹಣ ಕೇವಲ ಹೆಸರಿಗೇ? ಭಾಗಶಃ ಹೌದು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಉತ್ತಮ ಮಟ್ಟದ ಗಡಿಯಾರದ ಬೆನ್ನು ತೆರೆದು ನೋಡಿದರೆ ಕೈಕೆಲಸ ಕಣ್ಣಿಗೆ ಕಾಣುತ್ತದೆ. ಪ್ರತಿಯೊಂದು ಸೇತುವೆಯ ಅಂಚನ್ನೂ ಓರೆಯಾಗಿ ಉಜ್ಜಿ ಕನ್ನಡಿಯಂತೆ ಹೊಳೆಸುತ್ತಾರೆ. ಜೂರಾ ಕಣಿವೆಗಳಲ್ಲಿ ಬೆಳೆಯುವ ಜೆಂಟಿಯನ್ ಎಂಬ ಗಿಡದ ಒಣಗಿದ ಕಾಂಡವನ್ನು ಇದಕ್ಕೆ ಬಳಸುವ ಪದ್ಧತಿ ಈಗಲೂ ಇದೆ. ಎರಡು ಅಂಚುಗಳು ಒಳಮುಖವಾಗಿ ಚೂಪಾಗಿ ಕೂಡುವ ಮೂಲೆಯನ್ನು ತಿರುಗುವ ಯಂತ್ರಸಾಧನದಿಂದ ಸ್ವಚ್ಛವಾಗಿ ತೆಗೆಯಲಾಗದು, ಅರದಿಂದ ಕೈಯಲ್ಲೇ ತೆಗೆಯಬೇಕು. ನುರಿತ ಸಂಗ್ರಾಹಕರು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಆ ಮೂಲೆಯನ್ನೇ. ಫಿಲಿಪ್ ದ್ಯೂಫೂರ್ ಎಂಬ ಕುಶಲಕರ್ಮಿ 2000ದಿಂದೀಚೆಗೆ ಜೂ ಕಣಿವೆಯ ಹಳ್ಳಿಯೊಂದರ ತಮ್ಮ ಕಾರ್ಯಾಗಾರದಲ್ಲಿ ತಯಾರಿಸಿದ ಸಿಂಪ್ಲಿಸಿಟಿ ಗಡಿಯಾರಗಳು ಇನ್ನೂರರ ಆಸುಪಾಸು ಮಾತ್ರ. ಗಂಟೆ, ನಿಮಿಷ, ಸೆಕೆಂಡುಗಳ ಹೊರತು ಅದು ಬೇರೇನನ್ನೂ ತೋರಿಸುವುದಿಲ್ಲ.

ಅಂಕಿಅಂಶಗಳು ಇದೇ ಕಥೆಯನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತವೆ. 2000ದಲ್ಲಿ ಸ್ವಿಟ್ಜರ್ಲೆಂಡ್ ಸುಮಾರು 3 ಕೋಟಿ ಗಡಿಯಾರಗಳನ್ನು ರಫ್ತು ಮಾಡಿತ್ತು. ಉದ್ಯಮದ ರಫ್ತು ಮೌಲ್ಯ ಸುಮಾರು 1,030 ಕೋಟಿ ಫ್ರಾಂಕ್. 2023ರಲ್ಲಿ ಗಡಿಯಾರಗಳ ಸಂಖ್ಯೆ 1.69 ಕೋಟಿಗೆ ಇಳಿದಿತ್ತು, ಮೌಲ್ಯ 2,670 ಕೋಟಿ ಫ್ರಾಂಕ್‌ಗಳಿಗೆ ಏರಿತ್ತು. 2024ರಲ್ಲಿ ಎರಡೂ ಸ್ವಲ್ಪ ತಗ್ಗಿದವು. ಹರಾಜಿನ ದಾಖಲೆಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಪಾಟೆಕ್ ಫಿಲಿಪ್ ಸಂಸ್ಥೆಯ ಉಕ್ಕಿನ ಗಡಿಯಾರವೊಂದು 2019ರಲ್ಲಿ 3.1 ಕೋಟಿ ಫ್ರಾಂಕ್‌ಗಳಿಗೆ ಹೋಯಿತೆಂದು ಎಲ್ಲರೂ ಉಲ್ಲೇಖಿಸುತ್ತಾರೆ. ಅದು ಸ್ನಾಯುರೋಗದ ಸಂಶೋಧನೆಗೆ ನಿಧಿ ಕೂಡಿಸುವ ದತ್ತಿ ಹರಾಜಾಗಿತ್ತು ಎಂಬುದನ್ನು ಅಷ್ಟೇ ಬೇಗ ಮರೆಯುತ್ತಾರೆ. 2022ರ ಆರಂಭದಲ್ಲಿ ಕೆಲವು ಉಕ್ಕಿನ ಗಡಿಯಾರಗಳು ಅಂಗಡಿ ಬೆಲೆಯ ಹಲವು ಪಟ್ಟಿಗೆ ಕೈಬದಲಾಗುತ್ತಿದ್ದವು, ಅದೇ ವರ್ಷ ಆ ಗುಳ್ಳೆ ಒಡೆಯಿತು. ಹೂಡಿಕೆಯೆಂದು ಕೊಂಡವರಲ್ಲಿ ಅನೇಕರು ಕೈಸುಟ್ಟುಕೊಂಡರು.

ನಮ್ಮ ವಾಚಕರಲ್ಲಿ ಬಹುಪಾಲು ಮಂದಿ ಬ್ರ್ಯಾಂಡಿನ ಒಡೆಯರಲ್ಲ, ಬಿಡಿಭಾಗ ಪೂರೈಸುವವರು. ಆದುದರಿಂದ ಈ ಉದ್ಯಮದ ಹಿತ್ತಲನ್ನೂ ನೋಡುವುದು ಒಳಿತು. ಇಂದು ಅತ್ಯುನ್ನತ ಹೆಸರೆನಿಸಿದ ಪಾಟೆಕ್ ಫಿಲಿಪ್ ಆರ್ಥಿಕ ಮುಗ್ಗಟ್ಟಿನಲ್ಲಿ ಸಿಲುಕಿದಾಗ, 1932ರಲ್ಲಿ ಅದನ್ನು ಕೊಂಡವರು ಅದಕ್ಕೆ ಡಯಲ್ ಒದಗಿಸುತ್ತಿದ್ದ ಸ್ಟರ್ನ್ ಸಹೋದರರು. ಒಡೆತನ ಇಂದಿಗೂ ಅದೇ ಕುಟುಂಬದಲ್ಲಿದೆ. ಇನ್ನೊಂದು ಉದಾಹರಣೆ ಇತ್ತೀಚಿನದು. ಸ್ವಾಚ್ ಸಮೂಹಕ್ಕೆ ಸೇರಿದ ಎಟಾ ಸಂಸ್ಥೆಯು ಹೊರಗಿನವರಿಗೆ ಗಡಿಯಾರದ ಯಂತ್ರಭಾಗಗಳ ಪೂರೈಕೆಯನ್ನು ಕ್ರಮೇಣ ನಿಲ್ಲಿಸುವುದಾಗಿ 2002ರಲ್ಲಿ ಪ್ರಕಟಿಸಿದಾಗ ಹತ್ತಾರು ಹೆಸರಾಂತ ಬ್ರ್ಯಾಂಡುಗಳು ಕಂಗಾಲಾದವು; ಸ್ಪರ್ಧಾ ಆಯೋಗ ಮಧ್ಯೆ ಪ್ರವೇಶಿಸಬೇಕಾಯಿತು. ಎಟಾ ಕೊಡುತ್ತಿದ್ದ ಭಾಗಗಳನ್ನು ಜೋಡಿಸಿ ಮಾರುತ್ತಿದ್ದ ಸೆಲಿಟಾ ಎಂಬ ಸಂಸ್ಥೆ ಆಗ ಸುಮ್ಮನೆ ಕೂರಲಿಲ್ಲ. ಹಕ್ಕುಸ್ವಾಮ್ಯದ ಅವಧಿ ಮುಗಿದಿದ್ದ ಎಟಾದ ಯಂತ್ರವನ್ನೇ ಹೋಲುವ ಯಂತ್ರವನ್ನು ತಾನೇ ತಯಾರಿಸತೊಡಗಿ, ಹಳೆಯ ಒಡೆಯನ ಗಿರಾಕಿಗಳನ್ನು ತನ್ನವರನ್ನಾಗಿಸಿಕೊಂಡಿತು.

2017ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಗಡಿಯಾರದ ತಯಾರಿಕಾ ವೆಚ್ಚದ ಕನಿಷ್ಠ ಶೇ. 60ರಷ್ಟು ಸ್ವಿಟ್ಜರ್ಲೆಂಡಿನಲ್ಲಿ ಆಗಿದ್ದರೆ ಮಾತ್ರ ಅದರ ಮೇಲೆ ಆ ದೇಶದ ಹೆಸರನ್ನು ಮುದ್ರಿಸಬಹುದು. ಉಳಿದ ಶೇ. 40 ಹೊರಗಿನಿಂದ ಬರಬಹುದೆಂಬುದು ಇದರ ಇನ್ನೊಂದು ಮುಖ. ಚಂಡೀಗಢ ಮೂಲದ ಕೆ.ಡಿ.ಡಿ.ಎಲ್. ಸಂಸ್ಥೆಯು ಬೆಂಗಳೂರಿನ ತನ್ನ ಘಟಕದಲ್ಲಿ ಗಡಿಯಾರದ ಮುಳ್ಳುಗಳನ್ನು ತಯಾರಿಸುತ್ತಿದ್ದು, ಸ್ವಿಸ್ ತಯಾರಕರು ಅದರ ಗಿರಾಕಿಗಳಾಗಿದ್ದಾರೆ. ಕೂದಲೆಳೆಯ ನಿಖರತೆಯ ಕೆಲಸ ನಮ್ಮ ನಗರಕ್ಕೆ ಹೊಸದಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಎಚ್.ಎಂ.ಟಿ. ಇಲ್ಲಿಯೇ ಕೈಗಡಿಯಾರ ತಯಾರಿಕೆ ಆರಂಭಿಸಿತು.

ವರ್ತಕರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ರಾಷ್ಟ್ರಗಳ ಎಫ್ಟಾ ಕೂಟದೊಡನೆ 2024ರ ಮಾರ್ಚ್ 10ರಂದು ಸಹಿಯಾದ ಒಪ್ಪಂದವು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಸ್ವಿಸ್ ಗಡಿಯಾರಗಳ ಮೇಲಿನ ಆಮದು ಸುಂಕ ಹಂತ ಹಂತವಾಗಿ ಇಳಿಯಲಿದೆ. 10 ಲಕ್ಷ ರೂಪಾಯಿ ಮೀರಿದ ಕೈಗಡಿಯಾರದ ಮಾರಾಟದಲ್ಲಿ ಖರೀದಿದಾರನಿಂದ ಶೇ. 1ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸುವ ಹೊಣೆಯನ್ನು 2025ರ ಏಪ್ರಿಲ್ 22ರಿಂದ ಮಾರಾಟಗಾರನ ಮೇಲೆ ಹೊರಿಸಲಾಯಿತು.

ಎಚ್.ಎಂ.ಟಿ. ಕ್ವಾರ್ಟ್ಸಿಗೆ ಕೈಹಾಕಿದರೂ ಟೈಟಾನ್‌ನ ಸ್ಪರ್ಧೆಯನ್ನು ತಾಳಿಕೊಳ್ಳಲಿಲ್ಲ. ಅದರ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ನಿರ್ಧರಿಸಿದ ಸುದ್ದಿ ಹಬ್ಬುತ್ತಿದ್ದಂತೆ, ಕೀಲಿ ಕೊಡುವ ಹಳೆಯ ಮಾದರಿಗಳನ್ನು ಜನರು ಹುಡುಕಿಕೊಂಡು ಹೋಗಿ ಕೊಂಡರು. ನಮ್ಮ ತಂದೆಯವರ ಜನತಾ ಗಡಿಯಾರ ಈಗ ನನ್ನ ಕೈಯಲ್ಲಿದೆ. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಎಣ್ಣೆ ಹಾಕಿಕೊಡುವ ವೃದ್ಧ ರಿಪೇರಿಗಾರರನ್ನು, ಬಿಡಿಭಾಗಗಳು ಎಲ್ಲಿ ಸಿಗುತ್ತವೆ ಎಂದು ಕಳೆದ ಬಾರಿ ಕೇಳಿದೆ. ಅವರು ಮೇಜಿನ ಸೆಳೆಖಾನೆಯನ್ನು ಎಳೆದು ತೋರಿಸಿದರು. ತುಂಬ ಹಾಳಾದ ಜನತಾಗಳಿದ್ದವು. ಮೂರನ್ನು ಕಳಚಿ ಒಂದನ್ನು ನಡೆಸುತ್ತೇನೆ ಎಂದರು.