ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ: ಸಮಾಧಿಲೇಖಗಳ ಮಹತ್ವ

ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲುಗಳನ್ನು ಮರಣಸ್ಮಾರಕಗಳೆಂದು ಗುರುತಿಸಿ ವಿವೇಚಿಸಿರುವ ಕನ್ನಡ ಸಂಶೋಧನೆಯು ವಸಾಹತುಕಾಲದ ಕ್ರೈಸ್ತ ಸಮಾಧಿಗಳತ್ತ ಅಷ್ಟಾಗಿ ಗಮನ ಹರಿಸಿಲ್ಲ. ಈ ದೃಷ್ಟಿಯಿಂದ ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನವು ಪರಿಶೀಲನಾರ್ಹವಾಗಿದೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಇಲ್ಲಿ ನೆಲೆನಿಂತ ಬ್ರಿಟಿಷ್ ಸೇನೆಗಾಗಿ 1800ರ ಸುಮಾರಿಗೆ ಇದು ರೂಪುಗೊಂಡಿತು. ಇಲ್ಲಿರುವ ಸುಮಾರು 300 ಸಮಾಧಿಗಳಲ್ಲಿ ಹಲವು ಡಿ ಮ್ಯೂರಾನ್ ರೆಜಿಮೆಂಟಿಗೆ ಸೇರಿದವರವು. 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ಈ ಸ್ವಿಸ್ ದಳವು 1795ರಲ್ಲಿ ಬ್ರಿಟಿಷರ ಸೇವೆಗೆ ಸೇರಿತು. ಸೈನಿಕರೊಡನೆ ಅವರ ಮಡದಿ ಮಕ್ಕಳೂ ಇಲ್ಲಿ ಮಣ್ಣಾಗಿದ್ದಾರೆ. ಜ್ವರದ ಹಾವಳಿಯಿಂದಾಗಿ 1809ರಲ್ಲಿ ಸೇನಾನೆಲೆಯನ್ನು ಬೆಂಗಳೂರಿಗೆ ವರ್ಗಾಯಿಸಲಾಯಿತು. ಯುದ್ಧಚರಿತ್ರೆಗಳಲ್ಲಿ ಎಡೆಪಡೆಯದ ಇಂತಹ ಸಾವುಗಳಿಗೆ ಸಮಾಧಿಯ ಬರಹವೇ ಆಧಾರ.

ಇಟ್ಟಿಗೆ ಗಾರೆಯ ಬಿರುಕಿನಲ್ಲಿ ಅರಳಿ ಬೇರೂರಿದರೆ ಬರಹದ ಫಲಕ ಕಳಚಿಬೀಳುತ್ತದೆ; ಸಿಮೆಂಟಿನ ತೇಪೆಯು ತೇವವನ್ನು ಒಳಗೇ ತಡೆದು ಹಳೆಯ ಗಾರೆಯನ್ನು ಸಡಿಲಿಸುತ್ತದೆ. 2008ರ ಸುಮಾರಿಗೆ ಡಿ ಮ್ಯೂರಾನ್ ಮನೆತನದವರ ನೆರವಿನಿಂದ ಇಲ್ಲಿ ಜೀರ್ಣೋದ್ಧಾರ ನಡೆಯಿತು. ಆದರೆ ಗಾರೆಯ ದುರಸ್ತಿಯಷ್ಟೇ ಸಂರಕ್ಷಣೆಯಲ್ಲ. ಪ್ರತಿ ಫಲಕದ ಸ್ಥಾನ, ಪಾಠ, ಛಾಯಾಚಿತ್ರಗಳು ದಾಖಲಾಗಬೇಕು. ವೀರಗಲ್ಲನ್ನು ಓದಿದ ಶಿಸ್ತಿನಿಂದಲೇ ಇವನ್ನೂ ಓದಿದಾಗ ನಾಡಿನ ಶಾಸನಾಧ್ಯಯನವು 19ನೆಯ ಶತಮಾನಕ್ಕೂ ವಿಸ್ತರಿಸುತ್ತದೆ. ಅಕ್ಷರ ಅಳಿದ ಬಳಿಕ ಉಳಿಯುವುದು ಹೆಸರಿಲ್ಲದ ಕಟ್ಟೆ ಮಾತ್ರ.