ಗುಂಡಿಲ್ಲದ ಕೋವಿ ಕಲಿಸುವ ಗುರಿ

ತರಬೇತುದಾರ ಅತ್ತ ತಿರುಗಿ ಪಿಸ್ತೂಲನ್ನು ತಾನೇ ತುಂಬುತ್ತಾನೆ. ಮ್ಯಾಗಜೀನಿನಲ್ಲಿ ಕೆಲವು ನಿಜವಾದ ತೋಟಾಗಳು, ನಡುನಡುವೆ ಮದ್ದಿಲ್ಲದ ಡಮ್ಮಿಗಳು. ಯಾವುದರ ನಂತರ ಯಾವುದು ಬರುತ್ತದೆಂದು ಶೂಟರ್‌ಗೆ ಗೊತ್ತಿರುವುದಿಲ್ಲ. ಮೊದಲ ಗುಂಡು ಹಾರುತ್ತದೆ, ಎರಡನೆಯದೂ ಹಾರುತ್ತದೆ. ಮೂರನೆಯ ಸಲ ಟ್ರಿಗರ್ ಒತ್ತಿದಾಗ ಕೇಳುವುದು ‘ಟಿಕ್’ ಎಂಬ ಸದ್ದು ಮಾತ್ರ. ಆದರೆ ಅದೇ ಗಳಿಗೆಯಲ್ಲಿ ಪಿಸ್ತೂಲಿನ ಮೂತಿ ಗಕ್ಕನೆ ಕೆಳಕ್ಕೆ ಬಾಗಿರುತ್ತದೆ. ಗುಂಡು ಹಾರಲಿಲ್ಲ, ಹಿಂದೊದೆತವೂ ಇಲ್ಲ. ಮತ್ತೆ ಮೂತಿಯನ್ನು ಬಗ್ಗಿಸಿದ್ದು ಯಾರು? ಶೂಟರ್‌ನ ಕೈಯೇ.

‘ಬಾಲ್ ಅಂಡ್ ಡಮ್ಮಿ’ ಎಂದು ಕರೆಯುವ ಈ ಅಭ್ಯಾಸದಷ್ಟು ಪ್ರಾಮಾಣಿಕವಾದ ಪಾಠ ಶೂಟಿಂಗ್ ವಿದ್ಯೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಗೈಯಲ್ಲೇ ಸಣ್ಣ ಸ್ಫೋಟವಾಗಲಿದೆ ಎಂದು ಮೈಗೆ ಮೊದಲೇ ತಿಳಿದಿರುತ್ತದೆ. ಅದನ್ನು ತಡೆಯಲು ಮಣಿಕಟ್ಟು ಬಿಗಿಯುತ್ತದೆ, ಬೆರಳು ಟ್ರಿಗರನ್ನು ಸೆಳೆದುಬಿಡುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ನಿಜವಾದ ಗುಂಡು ಹಾರುವಾಗ ಇದೆಲ್ಲ ಹಿಂದೊದೆತದ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಗುರಿ ತಪ್ಪಿದವನು ಬಂದೂಕನ್ನೋ ಬೆಳಕನ್ನೋ ದೂರುತ್ತಾನೆ. ಡಮ್ಮಿ ತೋಟಾ ಆ ನೆಪಕ್ಕೆ ಎಡೆಗೊಡುವುದಿಲ್ಲ.

ಆತ್ಮರಕ್ಷಣೆಯ ಶೂಟಿಂಗನ್ನು ಸಾಮಾನ್ಯ ನಾಗರಿಕರಿಗೆ ಪಠ್ಯಕ್ರಮವಿಟ್ಟು ಕಲಿಸುವ ಪದ್ಧತಿಗೆ ದಾರಿ ಹಾಕಿದ್ದು ಅಮೆರಿಕದ ಅರಿಜೋನಾದ ಒಂದು ಶಾಲೆ. ಪೌಲ್ಡನ್ ಎಂಬ ಊರಿನ ಬಳಿಯ ಒಣ ಬಯಲಿನಲ್ಲಿ 1976ರಲ್ಲಿ ಜೆಫ್ ಕೂಪರ್ ಅದನ್ನು ಕಟ್ಟಿದರು. ಮೊದಲಿಗೆ ‘ಅಮೆರಿಕನ್ ಪಿಸ್ಟಲ್ ಇನ್‌ಸ್ಟಿಟ್ಯೂಟ್’ ಎನಿಸಿಕೊಂಡಿದ್ದ ಅದನ್ನು ಜಗತ್ತು ಇಂದು ‘ಗನ್‌ಸೈಟ್’ ಎಂದು ಗುರುತಿಸುತ್ತದೆ. ಮರೀನ್ ದಳದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಕೂಪರ್ ಇತಿಹಾಸ ಓದಿಕೊಂಡವರು, ಖಡಕ್ ಮಾತಿನ ಮನುಷ್ಯ. ಅದೇ ವರ್ಷ ಹುಟ್ಟಿದ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟದ ಮೊದಲ ಅಧ್ಯಕ್ಷರೂ ಅವರೇ. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಆ ಒಕ್ಕೂಟದ ಧ್ಯೇಯವಾಕ್ಯ. ನಿಖರತೆ ಮೊದಲು ಬಂದಿರುವುದನ್ನು ಗಮನಿಸಬೇಕು.

ಈ ಶಾಲೆ ಹುಟ್ಟುವುದಕ್ಕೂ ಮೊದಲು, ಪಿಸ್ತೂಲನ್ನು ಸೊಂಟದ ಮಟ್ಟದಲ್ಲೇ ಹಿಡಿದು, ಗುರಿಕಣ್ಣು ನೋಡದೆ ಹೊಡೆಯುವವರೇ ಚುರುಕಿನವರು ಎಂಬ ನಂಬಿಕೆಯಿತ್ತು. ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಲೇಕ್‌ನಲ್ಲಿ ಕೂಪರ್ ನಡೆಸುತ್ತಿದ್ದ ಸ್ಪರ್ಧೆಗಳಲ್ಲಿ ಅದನ್ನು ಸುಳ್ಳುಮಾಡಿದವರು ಜ್ಯಾಕ್ ವೀವರ್ ಎಂಬ ಡೆಪ್ಯುಟಿ ಶೆರಿಫ್. ಅವರು ಎರಡೂ ಕೈಗಳಿಂದ ಪಿಸ್ತೂಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿ ನೋಡಿಯೇ ಹೊಡೆದರು. ಮಿಕ್ಕವರು ಅವರಿಗಿಂತ ಮೊದಲೇ ಹೊಡೆದು ಗುರಿ ತಪ್ಪುತ್ತಿದ್ದರು. ವೀವರ್ ಚೂರು ತಡವಾದರೂ ತಾಗಿಸುತ್ತಿದ್ದರು. ಕೂಪರ್ ಅವರ ಪಾಠಗಳೆಲ್ಲ ಈ ಸತ್ಯದ ಮೇಲೆಯೇ ನಿಂತವು.

ಕೂಪರ್ ರೂಪಿಸಿದ ‘ಎಲ್ ಪ್ರೆಸಿಡೆಂಟೆ’ ಡ್ರಿಲ್ ಇಂದಿಗೂ ಚಾಲ್ತಿಯಲ್ಲಿದೆ. ಹತ್ತು ಗಜ ದೂರದಲ್ಲಿ ಮೂರು ಗುರಿಗಳು. ಶೂಟರ್ ಅವುಗಳಿಗೆ ಬೆನ್ನುಹಾಕಿ ನಿಲ್ಲುತ್ತಾನೆ. ಸೂಚನೆ ಬಂದೊಡನೆ ತಿರುಗಿ, ಪಿಸ್ತೂಲು ಸೆಳೆದು, ಒಂದೊಂದಕ್ಕೂ ಎರಡು ಗುಂಡು. ಮ್ಯಾಗಜೀನ್ ಬದಲಿಸಿ ಮತ್ತೆ ಎರಡೆರಡು. ಹನ್ನೆರಡು ಗುಂಡಿಗೆ ಹತ್ತು ಸೆಕೆಂಡ್. ನೋಡಲು ಸಿನಿಮೀಯ, ನಿಜ. ಆದರೆ ಹೊಸಬರು ಕೈಹಾಕಬೇಕಾದದ್ದು ‘ಡಾಟ್ ಟಾರ್ಚರ್’ ಎಂಬ ಸಪ್ಪೆ ಡ್ರಿಲ್‌ಗೆ. ಒಂದೇ ಹಾಳೆಯ ಮೇಲೆ ಎರಡೆರಡು ಇಂಚಿನ ಹತ್ತು ವೃತ್ತಗಳು, ಐವತ್ತು ಗುಂಡು, ದೂರ ಮೂರೇ ಗಜ, ಸಮಯದ ಮಿತಿಯಿಲ್ಲ. ಒಂದು ವೃತ್ತಕ್ಕೆ ಬಲಗೈಯೊಂದರಿಂದಲೇ, ಇನ್ನೊಂದಕ್ಕೆ ಎಡಗೈಯೊಂದರಿಂದಲೇ ಹೊಡೆಯಬೇಕು. ಐವತ್ತೂ ಒಳಗೆ ಬಿದ್ದರೆ ಮಾತ್ರ ಪಾಸು. ಎಡಗೈಯ ಸರದಿ ಬಂದಾಗ ಮೂರು ಗಜವೂ ಬಹಳ ದೂರವೆನಿಸುತ್ತದೆ.

ರೈಫಲ್‌ನ ವಿಷಯ ಬೇರೆ. ಅಲ್ಲಿ ಸ್ನಾಯುವಿನ ಬಲ ಸೋಲುತ್ತದೆ, ಮೂಳೆಯ ಆಸರೆ ಗೆಲ್ಲುತ್ತದೆ. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದು ಮಲಗಿದವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಅಮೆರಿಕದ ‘ಪ್ರಾಜೆಕ್ಟ್ ಆಪಲ್‌ಸೀಡ್’ ಶಿಬಿರಗಳಲ್ಲಿ ಇದನ್ನು ಸೊಗಸಾಗಿ ಕಲಿಸುತ್ತಾರೆ. ನಾನೂರು ಗಜದವರೆಗಿನ ಗುರಿಗಳನ್ನು ಕಿರಿದುಮಾಡಿ ಬರೀ 25 ಮೀಟರ್ ದೂರದಲ್ಲಿ ಇಡುತ್ತಾರೆ. ವಿಸ್ತಾರವಾದ ಬಯಲೇ ಬೇಕಿಲ್ಲ. ಅಲ್ಲಿನ ಒಂದು ಅಭ್ಯಾಸ ಹೀಗಿದೆ: ಗುರಿ ಹಿಡಿದು ಕಣ್ಣು ಮುಚ್ಚಿ, ಉಸಿರೆಳೆದು ಬಿಡಿ, ಕಣ್ಣು ತೆರೆಯಿರಿ. ನಳಿಗೆ ಪಕ್ಕಕ್ಕೆ ಸರಿದಿದ್ದರೆ ಅಷ್ಟು ಹೊತ್ತೂ ಅದನ್ನು ತೋಳಿನ ಬಲದಿಂದ ಒತ್ತಿ ಹಿಡಿದಿದ್ದಿರಿ ಎಂದರ್ಥ. ಆಗ ರೈಫಲನ್ನು ಎಳೆಯಬಾರದು. ಮೊಣಕೈಯನ್ನು ಇದ್ದಲ್ಲೇ ಊರಿ ಇಡೀ ಮೈಯನ್ನೇ ತುಸು ಸರಿಸಬೇಕು. ಕಣ್ಣು ತೆರೆದಾಗಲೆಲ್ಲ ನಳಿಗೆ ಗುರಿಯ ಮೇಲೆಯೇ ಇರುವ ತನಕ ಇದು ನಡೆಯಬೇಕು.

ಈ ವಿದ್ಯೆಯ ಬಹುಪಾಲನ್ನು ಗುಂಡೇ ಇಲ್ಲದೆ ಕಲಿಯಬಹುದು. ‘ಡ್ರೈ ಪ್ರಾಕ್ಟೀಸ್’ ಎನ್ನುವ ಈ ಸಾಧನೆಯನ್ನು ಒಲಿಂಪಿಕ್ ಶೂಟರ್‌ಗಳೂ ಬಿಡುವುದಿಲ್ಲ. ಸಂಗೀತಗಾರನಿಗೆ ಸರಳೆ ವರಸೆ ಇದ್ದ ಹಾಗೆ. ಪಿಸ್ತೂಲಿನ ಮುಂದಿನ ಗುರಿಕಣ್ಣಿನ ಮೇಲೆ ಒಂದು ನಾಣ್ಯ ಕೂರಿಸಿ, ಅದು ಬೀಳದಂತೆ ಟ್ರಿಗರ್ ಒತ್ತಿ ನೋಡಿ. ಬೆರಳು ಎಷ್ಟು ಅವಸರದ್ದು ಎಂದು ತಿಳಿಯುತ್ತದೆ. ಇದಕ್ಕೆ ಕಟ್ಟುನಿಟ್ಟಿನ ಕ್ರಮವಿದೆ. ಮ್ಯಾಗಜೀನ್ ತೆಗೆದು, ಚೇಂಬರನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ತೋಟಾಗಳು ಆ ಕೋಣೆಯಲ್ಲೇ ಇರಕೂಡದು. ಗುರಿ ಅಂಟಿಸುವ ಗೋಡೆ ಗುಂಡನ್ನು ತಡೆಯುವಂಥದ್ದಾಗಿರಬೇಕು. ಅಭ್ಯಾಸಕ್ಕಿಟ್ಟ ಹದಿನೈದು ನಿಮಿಷ ಮುಗಿದ ಮೇಲೆ ‘ಇನ್ನೊಂದೇ ಸಲ’ ಎನ್ನಬಾರದು. ಆಪತ್ತು ಬರುವುದು ಆ ಇನ್ನೊಂದು ಸಲದಲ್ಲೇ. ಪಾಯಿಂಟ್ ಟೂ ಟೂ ಕೋವಿಗಳಲ್ಲಿ ಖಾಲಿ ಹೊಡೆದರೆ ಫೈರಿಂಗ್ ಪಿನ್ನಿಗೂ ಚೇಂಬರಿನ ಅಂಚಿಗೂ ಪೆಟ್ಟಾಗಬಹುದಾದ್ದರಿಂದ ಡಮ್ಮಿ ತೋಟಾ ಹಾಕಿಕೊಳ್ಳುವುದು ಒಳ್ಳೆಯದು.

ಕೂಪರ್ 2006ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ನಾಲ್ಕು ನಿಯಮಗಳು ಲೋಕದ ಎಲ್ಲ ರೇಂಜುಗಳಲ್ಲೂ ಸಲ್ಲುವಂಥವು. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿಯಿರಿ. ನಾಶಮಾಡಲು ಸಿದ್ಧರಿಲ್ಲದ ಯಾವುದರ ಮೇಲೂ ಮೂತಿ ಹಾಯಿಸಬೇಡಿ. ಗುರಿ ಕೂಡುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಖಚಿತವಾಗಿ ತಿಳಿದಿರಲಿ.

ನಾಲ್ಕನೆಯದು ನಮ್ಮ ಮಲೆನಾಡು, ಕೊಡಗುಗಳಿಗೆಂದೇ ಹೇಳಿದಂತಿದೆ. ಕಾಡುಹಂದಿಯೆಂದು ಪೊದೆಯ ಸದ್ದಿಗೆ ಗುಂಡು ಹಾರಿಸಿ, ಜೊತೆಗಾರನನ್ನೇ ಕೊಂದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಡುವ ನಾಡಿನಲ್ಲಿ ಒಳ್ಳೆಯ ಈಡುಗಾರರಿಗೆ ಕೊರತೆಯಿಲ್ಲ. ಕತ್ತಲಲ್ಲಿ ಬೆರಳು ತಡೆಹಿಡಿಯುವ ಅಭ್ಯಾಸಕ್ಕೆ ಮಾತ್ರ ಕೊರತೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಗೆ ಅರ್ಜಿ ಹಾಕುವವರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸಿವೆ. ಆದರೆ ಆ ತರಬೇತಿಯ ಪ್ರಮಾಣಪತ್ರ ಒಂದು ದಿನದ ಕಾಗದ. ಬೆಳೆ ಕಾಯಲೆಂದೋ ಆತ್ಮರಕ್ಷಣೆಗೆಂದೋ ಪರವಾನಗಿ ಪಡೆದು ಕೋವಿ ಇಟ್ಟುಕೊಂಡವರಲ್ಲಿ ಒಂದು ಕೋರಿಕೆ: ಚುನಾವಣೆಯ ವೇಳೆ ಠಾಣೆಗೆ ಒಪ್ಪಿಸಿದ್ದ ಕೋವಿ ಮರಳಿ ಮನೆಗೆ ಬಂದ ದಿನ ಅದನ್ನು ನೇರ ಬೀರುವಿಗೆ ಸೇರಿಸಬೇಡಿ. ಖಾಲಿ ಮಾಡಿ, ಎರಡು ಸಲ ಪರೀಕ್ಷಿಸಿ, ಹದಿನೈದು ನಿಮಿಷ ಅಭ್ಯಾಸಕ್ಕೆ ಕೊಡಿ. ಮನೆಯಲ್ಲಿ ಕೋವಿ ಮುಟ್ಟುವ ಇನ್ನೊಬ್ಬರಿದ್ದರೆ ಅವರಿಗೂ ಅದೇ ದಿನ ನಾಲ್ಕೂ ನಿಯಮ ಹೇಳಿಕೊಡಿ.