ಪ್ರವಚನದ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸುವಾಗ

ಗುಡೇಕೋಟೆಯ ನಮ್ಮ ಅಂಗಡಿಯ ಕಪಾಟಿನಲ್ಲಿ ಚಾತುರ್ಮಾಸ ಪ್ರವಚನಗಳ ಕೆಲವು ಆಡಿಯೋ ಸಿಡಿಗಳಿವೆ. ಮನೆಯಲ್ಲೇ ಬರೆದವು, ಬೇರೆ ಪ್ರತಿ ಇಲ್ಲ. ಇಂಥ ಸಿಡಿ ಬಿಸಿಲು-ಸೆಕೆಗೆ ಬೇಗ ಕೆಡುತ್ತದೆ. ನಮ್ಮ ಕಡೆಯ ಬೇಸಿಗೆ ಗೊತ್ತೇ ಇದೆ.

ವಿಂಡೋಸ್ ಕಂಪ್ಯೂಟರಿಗೆ 'ಎಕ್ಸಾಕ್ಟ್ ಆಡಿಯೋ ಕಾಪಿ' ಒಳ್ಳೆಯದು, ಸ್ವಂತ ಬಳಕೆಗೆ ಉಚಿತ. ಅದರಲ್ಲಿ 'ಸೆಕ್ಯೂರ್' ಕ್ರಮವನ್ನೇ ಆರಿಸಿ. 'ಬರ್ಸ್ಟ್' ಕ್ರಮ ಒಮ್ಮೆ ಓದಿ ಮುಂದೆ ಹೋಗುತ್ತದೆ, ಗೀರು ಬಿದ್ದಲ್ಲಿ ಟಕ್ ಟಕ್ ಶಬ್ದ ಉಳಿಯಬಹುದು. ಸೆಕ್ಯೂರ್ ಪ್ರತಿ ತುಣುಕನ್ನೂ ಕನಿಷ್ಠ 2 ಸಲ ಓದಿ ತಾಳೆ ನೋಡುತ್ತದೆ, ಹೊಂದದಿದ್ದರೆ ಮತ್ತೆ ಮತ್ತೆ ಓದುತ್ತದೆ. ತಡವಾದರೆ ಬೇಸರ ಬೇಡ. 'ಅಕ್ಯುರೇಟ್‌ರಿಪ್'ನಲ್ಲಿ ಸಿಡಿ ಸಿಗಲಿಲ್ಲ ಎಂದು ಬಂದರೂ ಹೆದರಬೇಡಿ. ಅದು ಜಗತ್ತಿನ ಬೇರೆಯವರ ಪ್ರತಿಯೊಂದಿಗೆ ಹೋಲಿಸುವ ಪಟ್ಟಿ. ನಮ್ಮ ಮನೆ ಸಿಡಿ ಅಲ್ಲಿ ಹೇಗಿದ್ದೀತು? ಬದಲಿಗೆ 'ಟೆಸ್ಟ್ ಅಂಡ್ ಕಾಪಿ' ಒತ್ತಿ. ಎರಡೂ ಸಲದ ಸಿಆರ್‌ಸಿ ಸಂಖ್ಯೆ ಒಂದೇ ಆದರೆ ಪ್ರತಿ ಸರಿಯಾಗಿದೆ ಎಂದು ನಂಬಬಹುದು.

ಉಳಿಸುವುದು 'ಫ್ಲಾಕ್' ರೂಪದಲ್ಲಿ. ಸಿಡಿಯ ಧ್ವನಿ ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲಾಕ್ ಅದನ್ನು ಗುಣ ಕಳೆಯದೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಭಕ್ತಾಮರದ 48 ಶ್ಲೋಕ 48 ಟ್ರ್ಯಾಕ್ ಆಗಿದ್ದರೆ ಎಂಪಿ3ಯಲ್ಲಿ ನಡುನಡುವೆ ಸಣ್ಣ ತಡೆ ಕೇಳಬಹುದು. ಮೊಬೈಲಿಗೆ ಬೇಕಾದರೆ ಫ್ಲಾಕ್‌ನಿಂದ ಎಂಪಿ3 ಆಮೇಲೆ ಮಾಡಿಕೊಳ್ಳಿ. ಕೆಲವು ಹಳೆಯ ತಂತ್ರಾಂಶಗಳಲ್ಲಿ 'ಕಾಪಿ ಪ್ರೊಟೆಕ್ಟ್' ಎಂಬ ಗುರುತು ಇರುತ್ತದೆ, ತೆಗೆದುಬಿಡಿ. ಇಲ್ಲವಾದರೆ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆಯದೆ ಹೋಗಬಹುದು.

ಹೆಸರುಗಳು ತಾನಾಗಿ ಬರುವುದಿಲ್ಲ. ಮುನಿಗಳ ಹೆಸರು, ಊರು, ವರ್ಷವನ್ನು ಯೂನಿಕೋಡ್ ಕನ್ನಡದಲ್ಲಿ ನಾವೇ ಬರೆಯಬೇಕು. ನಮ್ಮ ಒಂದು ಸಿಡಿಯ ಮೇಲೆ 'ಪ್ರವಚನ 3' ಎಂದಷ್ಟೇ ಇದೆ. ಯಾವ ಊರಿನದೆಂದು ಹಿರಿಯರಿಗೆ ಕೇಳಿಸಿ ವಿಚಾರಿಸುತ್ತಿದ್ದೇನೆ.